ಬನಶಂಕರಿ ಜಾತ್ರೆ ನಾಟಕ, ಇಳಕಲ್ಲ ಮಗ್ಗದ ಮನಿ, ಬಾದಾಮಿ ಗುಹೆ: ಮಂದ ಬೆಳಕಿಗೆ 800ರ ಕಲರ್ ರೋಲು ಹೆಂಗ ಬಳಸೂದು?

ಬನಶಂಕರಿ_ದಾರಿ (ಬಾದಾಮಿ)

ಎಲ್ಲಾರಿಗೂ ನಮಸ್ಕಾರ್ರಿ. ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000, ಲೆನ್ಸ್ 50 ಎಂಎಂ ಎಫ್ 2. ರೋಲು ಎರಡು ಅದಾವ, ಒಂದು ಕೊಡಕ್ ಪೋರ್ಟ್ರಾ 800, ಇನ್ನೊಂದು ಸಿನಿಸ್ಟಿಲ್ 800ಟಿ. ತೆಗೀಬೇಕಾಗಿದ್ದು ಮೂರು ಕಡೆ: ಬನಶಂಕರಿ ಜಾತ್ರ್ಯಾಗ ರಾತ್ರಿ ನಾಟಕ ಕಂಪನಿ ರಂಗಮಂಚ, ಇಳಕಲ್ಲಿನ ಕುಣಿಮಗ್ಗದ ಮನಿ, ಬಾದಾಮಿ ಗುಹೆ ಒಳಗಿನ ಶಿಲ್ಪ. ಫ್ಲ್ಯಾಶ್ ಹಚ್ಚೂದಿಲ್ಲ. ಯಾವ ರೋಲು ಎಲ್ಲಿಗೆ? ಡಯಲ್ 1600ಕ್ಕ ಇಟ್ಟು ಪುಶ್ (ಹೆಚ್ಚು ಹೊತ್ತು ಡೆವಲಪ್) ಮಾಡಿಸಬೇಕೇನ್ರಿ?

ಗುಮ್ಮಟದ_ನೆರಳು (ವಿಜಯಪುರ)

ಪುಶ್ ಮಾತು ಆಮೇಲೆ. ಡಬ್ಬಿ ಮೇಲಿನ 800 ಅನ್ನೋ ಅಂಕಿ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಳತೆ) ಯಾವ ಬೆಳಕಿನದು ಅಂತ ಮೊದಲು ನೋಡ್ರಿ. ಪೋರ್ಟ್ರಾ 800 ಹಗಲು ಬೆಳಕಿನ ರೋಲು, ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 5500 ಕೆಲ್ವಿನ್‌ಗೆ ಹೊಂದಿಸಿದ್ದು. ಕಲರ್ ನೆಗೆಟಿವ್‌ನಲ್ಲಿ ಮೇಲೆ ನೀಲಿ ಹಿಡಿಯುವ ಪದರ, ಅದರ ಕೆಳಗೆ ಹಸಿರಿನದು, ತಳದಲ್ಲಿ ಕೆಂಪಿನದು. ಹಗಲಿನಲ್ಲಿ ಮೂರಕ್ಕೂ ಸರಿಪಾಲು ಬೆಳಕು ಸಿಗುತ್ತದೆ. 3000 ಕೆಲ್ವಿನ್ ಆಸುಪಾಸಿನ ಹಳದಿ ಬಲ್ಬಿನ ಕೆಳಗೆ ಕೆಂಪು ಪದರಕ್ಕೆ ಹೊಟ್ಟೆ ತುಂಬ, ನೀಲಿ ಪದರಕ್ಕೆ ಉಪವಾಸ. ಹಳದಿ ಬೆಳಕನ್ನು ತಿದ್ದುವ 80ಎ ಫಿಲ್ಟರ್ ಹಾಕಿದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಇಲ್ಲವೇ ಇಮ್ಮಡಿ) ಬೆಳಕು ಹೋಗುವುದು ಇದಕ್ಕೇ: ಕೆಂಪು, ಹಸಿರುಗಳನ್ನು ಅದು ನೀಲಿಯ ಮಟ್ಟಕ್ಕೆ ಇಳಿಸುತ್ತದೆ. ಫಿಲ್ಟರ್ ಹಾಕದೇ ಬಿಟ್ಟರೂ ನೀಲಿ ಪದರದ ಕೊರತೆ ಅಲ್ಲೇ ಉಳಿಯುತ್ತದೆ. ಸ್ಕ್ಯಾನ್ ಆದ ಮೇಲೆ ಹಳದಿ ತೆಗೆಯಲು ಹೋದಾಗ ನೆರಳಿನಲ್ಲಿ ಕೆಸರು ಬಣ್ಣ, ದಪ್ಪ ಕಾಳು ಎದ್ದು ಬರುತ್ತವೆ. ಅದನ್ನು ಹೈಸ್ಪೀಡ್ ರೋಲಿನ ಗ್ರೇನ್ ಅಂದುಕೊಳ್ಳುತ್ತಾರೆ. ಬಹುಪಾಲು ಅದು ಬೆಳಕು ಸಾಲದ್ದರ ಗುರುತು.

ಇನ್ನೊಂದು ಮಾತು. ಒಂದೊಂದು ಬಣ್ಣದ ಪದರದ ಒಳಗೂ ದಪ್ಪ ಕಾಳಿನ ಚುರುಕು ಪದರ, ಸಣ್ಣ ಕಾಳಿನ ನಿಧಾನ ಪದರ ಅಂತ ಬೇರೆ ಬೇರೆ ಇರುತ್ತವೆ. ಬೆಳಕು ಕಡಿಮೆ ಬಿದ್ದರೆ ದಪ್ಪ ಕಾಳು ಮಾತ್ರ ಕೆಲಸ ಮಾಡುತ್ತದೆ. ಒಂದು ಸ್ಟಾಪ್ ಹೆಚ್ಚು ಕೊಟ್ಟರೆ ಸಣ್ಣ ಕಾಳಿನ ಪದರವೂ ಸೇರಿಕೊಂಡು ಚಿತ್ರ ನುಣುಪಾಗುತ್ತದೆ. ಡಿಜಿಟಲ್ ರೂಢಿಯಾದವರಿಗೆ ಇದು ತಲೆಕೆಳಗು ಅನಿಸುತ್ತದೆ. ಕಲರ್ ನೆಗೆಟಿವ್‌ಗೆ ನೆರಳು ಕಾಯಬೇಕು, ಬೆಳಕಿನ ಭಾಗವನ್ನು ಅದೇ ಸಂಭಾಳಿಸುತ್ತದೆ.

ಆದ್ದರಿಂದ ಹಳದಿ ಬೆಳಕಿನಲ್ಲಿ ಪೋರ್ಟ್ರಾ 800 ಹಾಕಿದಾಗ ಕೆ1000ರ ಡಯಲ್ 400ಕ್ಕೆ ಇಡ್ರಿ. 320 ಆದರೂ ಅಡ್ಡಿಯಿಲ್ಲ. ಡಯಲ್ 400, ಲೆನ್ಸ್ ತೆರವು ಎಫ್ 2, ಶಟರ್ 1/30 ಸೆಕೆಂಡ್ ಅಂದರೆ ಸಾಮಾನ್ಯ ಮನೆಯ ರಾತ್ರಿ ಬೆಳಕಿಗೆ ಸಾಕಾಗುತ್ತದೆ.

ಬನಶಂಕರಿ_ದಾರಿ (ಬಾದಾಮಿ)

ಹಂಗಾದ್ರ 800ರ ರೋಲು ತಗೊಂಡು 400 ಅಂತ ಬಳಸಿದ್ರ, 400ರ ರೋಲೇ ತಗೋಬಹುದಿತ್ತಲ್ರಿ ಅಣ್ಣಾರ?

ಗುಮ್ಮಟದ_ನೆರಳು (ವಿಜಯಪುರ)

ಆ ಲೆಕ್ಕ 400ರ ರೋಲಿಗೂ ಬರತೈತ್ರಿ. ಅದನ್ನ ಹಳದಿ ಬೆಳಕಿನಾಗ 200 ಅಂತ ಬಳಸಬೇಕಾಗತೈತಿ. ಎಫ್ 2 ತೆರೆದಾಗ 1/30 ಹೋಗಿ 1/15 ಆಯಿತು, 50 ಎಂಎಂ ಲೆನ್ಸ್ ಕೈಯಾಗ ಹಿಡಿದು ನಿಲ್ಲೂದಿಲ್ಲ. ನೀವು ಕೊಡೂ ಹೆಚ್ಚಿನ ದುಡ್ಡು ಆ ಒಂದು ಸ್ಟಾಪಿಗೆ. ಪೋರ್ಟ್ರಾ 400ನೂ ಒಳ್ಳೇ ರೋಲು, ಕಿಟಕಿ ಬೆಳಕು ಇದ್ದಲ್ಲಿ ಅದೇ ಸಾಕು.

ಕುಂದಾನಗರಿ_ಡಾರ್ಕ್‌ರೂಮ್ (ಬೆಳಗಾವಿ)

ಮೇಲಿನದು ಒಪ್ಪಿದೆ, ಆದರೆ ಪುಶ್ ಅನ್ನೋದನ್ನ ಪೂರ್ತಿ ತಳ್ಳಿಹಾಕಬೇಡಿ. ಪುಶ್ ಅಂದರೆ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು, ಅಷ್ಟೇ. ಬೆಳಕು ಬಿದ್ದ ಕಡೆ ಸಾಂದ್ರತೆ ಏರುತ್ತದೆ, ಕಾಂಟ್ರಾಸ್ಟ್ ಏರುತ್ತದೆ. ಬೆಳಕೇ ಬೀಳದ ನೆರಳಿನಲ್ಲಿ ಬರುವುದು ಏನೂ ಇಲ್ಲ, ಬೇಸ್ ಮಂಜು (ಬೆಳಕು ಬೀಳದಲ್ಲೂ ಫಿಲ್ಮಿನ ಮೇಲೆ ಕೂರುವ ಮಸುಕು) ಮಾತ್ರ ಹೆಚ್ಚುತ್ತದೆ. ಮೂರು ಪದರಗಳೂ ಒಂದೇ ಸಮ ಏರುವುದಿಲ್ಲವಾದ್ದರಿಂದ ನೆರಳಿಗೆ ಒಂದು ಬಣ್ಣ, ಬೆಳಕಿಗೆ ಇನ್ನೊಂದು ಬಣ್ಣ ಕೂತರೆ ತಿದ್ದುವುದೂ ಕಷ್ಟ.

ನಾಟಕದ ರಂಗದಲ್ಲಿ ಕಾಂಟ್ರಾಸ್ಟ್ ಮೊದಲೇ ಜಾಸ್ತಿ. ಅಲ್ಲಿ ಪುಶ್ ಮಾಡಿದರೆ ಮುಖದ ಬಣ್ಣ, ಜರಿ, ಕಿರೀಟ ಸುಟ್ಟುಹೋಗುತ್ತವೆ. ಪುಶ್ ಲಾಭ ಕೊಡುವುದು ಚಪ್ಪಟೆ ಮಂದ ಬೆಳಕಿನಲ್ಲಿ: ಮೋಡದ ಸಂಜೆ, ಒಂದೇ ಸಮ ಟ್ಯೂಬ್‌ಲೈಟ್ ಇರುವ ಹಾಲ್. ಅಲ್ಲಿ ಪೋರ್ಟ್ರಾ 800ನ್ನು 1600ಕ್ಕೆ ಒಂದು ಸ್ಟಾಪ್ ಪುಶ್ ಮಾಡಿದರೆ ಕೆಡುವುದಿಲ್ಲ. ಲ್ಯಾಬ್‌ಗೆ ಕೊಡುವಾಗ ರೋಲಿನ ಮೇಲೇ ಪೆನ್ನಿನಿಂದ "ಪುಶ್ 1" ಅಂತ ಬರೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದು ಮಷೀನಿನ ತನಕ ಹೋಗುವುದಿಲ್ಲ. ಪುಶ್ ಇಡೀ ರೋಲಿಗೆ ಅನ್ವಯಿಸುತ್ತದೆ, ಅರ್ಧ ರೋಲು 400, ಅರ್ಧ 1600 ಮಾಡಲು ಬರುವುದಿಲ್ಲ.

ಬನಶಂಕರಿ_ದಾರಿ (ಬಾದಾಮಿ)

ರಂಗದ ಮ್ಯಾಲೆ ಮೀಟರ್ ಹೆಂಗ ನೋಡೂದ್ರಿ? ಹಿಂದಿನ ಪರದೆ ಕಪ್ಪು, ಪಾತ್ರಧಾರಿ ಒಬ್ಬರ ಮ್ಯಾಲೆ ಲೈಟು.

ಗುಮ್ಮಟದ_ನೆರಳು (ವಿಜಯಪುರ)

ಕ್ಯಾಮೆರಾ ಮೀಟರ್ ಕಪ್ಪು ಪರದೆ ನೋಡಿ "ಇನ್ನೂ ಬೆಳಕು ಕೊಡು" ಅನ್ನುತ್ತದೆ. ಅದನ್ನು ನಂಬಿದರೆ ಮುಖ ಎರಡು ಮೂರು ಸ್ಟಾಪ್ ಮೇಲೆ ಹೋಗುತ್ತದೆ, ಜೊತೆಗೆ ಶಟರ್ 1/8ಕ್ಕೆ ಇಳಿದು ಮುಖ ಅಲುಗಾಡುತ್ತದೆ. ನಾಟಕ ಶುರುವಾಗುವ ಮೊದಲು ರಂಗದ ಲೈಟ್ ಪರೀಕ್ಷೆ ಮಾಡುತ್ತಾರೆ. ಕಂಪನಿಯವರ ಅಪ್ಪಣೆ ತಗೊಂಡು ಆಗ ರಂಗದ ಅಂಚಿಗೆ ಹೋಗಿ, ಅದೇ ಲೈಟು ಬೀಳುವಂತೆ ನಿಮ್ಮ ಅಂಗೈ ಚಾಚಿ, ಚೌಕಟ್ಟು ತುಂಬ ಅಂಗೈ ಮಾತ್ರ ಇರುವಂತೆ ಮೀಟರ್ ನೋಡ್ರಿ. ಫೋಕಸ್ ಆಗಬೇಕಿಲ್ಲ. ಮೀಟರ್ ಲೆಕ್ಕ ಹಿಡಿಯುವ ಮಧ್ಯಮ ಬೂದು ಬಣ್ಣಕ್ಕಿಂತ ಅಂಗೈ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ, ಮೈಬಣ್ಣ ಯಾವುದೇ ಇದ್ದರೂ ಅಂಗೈ ಹೆಚ್ಚು ಬದಲಾಗುವುದಿಲ್ಲ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ತೆರೆದು ಆ ಅಂಕಿಯನ್ನು ಬರೆದಿಟ್ಟುಕೊಳ್ರಿ. ಆಮೇಲೆ ಸೂಜಿ ಕಡೆ ನೋಡುವುದು ಬೇಡ.

ಮೀಟರ್ ನೋಡಲು ಆಗದೇ ಹೋದರೆ, ಬಿಳಿ ಲೈಟು ಚೆನ್ನಾಗಿ ಬಿದ್ದ ರಂಗಕ್ಕೆ 400ರ ಲೆಕ್ಕದಲ್ಲಿ ಎಫ್ 2.8, 1/125ರಿಂದ ಶುರು ಮಾಡಬಹುದು. ಮಂದ ದೃಶ್ಯಕ್ಕೆ ಎಫ್ 2, 1/60. ಕೆ1000ರ ಮೀಟರ್ 100ರ ಲೆಕ್ಕದಲ್ಲಿ ಇವಿ (ಬೆಳಕಿನ ಮಟ್ಟದ ಅಳತೆ) 3ಕ್ಕಿಂತ ಕೆಳಗಿನ ಬೆಳಕನ್ನು ಅಳೆಯಲಾರದು. ಸೂಜಿ ಕೆಳಗೇ ಬಿದ್ದುಕೊಂಡಿದ್ದರೆ ಸೆಲ್ ಹೋಗಿದೆ ಅಂತ ತಿಳಿಯಬೇಡ್ರಿ.

ರಂಗದ ಬಣ್ಣದ ಎಲ್‌ಇಡಿ ಬಗ್ಗೆ ಎಚ್ಚರ. ಇಡೀ ರಂಗ ಗಾಢ ನೀಲಿ ಅಥವಾ ಗಾಢ ಕೆಂಪು ಆದಾಗ ಫಿಲ್ಮಿನ ಒಂದೇ ಪದರಕ್ಕೆ ಬೆಳಕು ಬೀಳುತ್ತದೆ. ಆ ಒಂದು ಪದರ ತುಂಬಿ ತುಳುಕುತ್ತದೆ, ಉಳಿದೆರಡು ಖಾಲಿ. ಮುಖ ಮುದ್ದೆಯಾಗಿ ಬರುತ್ತದೆ, ಯಾವ ಸ್ಕ್ಯಾನರೂ ಅದನ್ನು ಬಿಡಿಸಲಾರದು. ಬಿಳಿ ಸ್ಪಾಟ್ ಬರುವ ತನಕ ಕಾಯುವುದೇ ದಾರಿ.

ಘಟಪ್ರಭಾ_ದಂಡಿ (ಗೋಕಾಕ)

800ಟಿ ಬಗ್ಗೆ ನಾ ಹೇಳತೀನಿ. ಇದು ಮೂಲದಾಗ ಸಿನಿಮಾ ರೋಲು, ಕೊಡಕ್ ವಿಷನ್3 500ಟಿ. ಅದರ ಬೆನ್ನಿಗೆ ರೆಮ್‌ಜೆಟ್ ಅಂತ ಕಪ್ಪು ಇಂಗಾಲದ ಲೇಪ ಇರತಿತ್ತು. ಅದನ್ನ ತೆಗೆದು, ಸಾಮಾನ್ಯ ಸಿ-41 (ಕಲರ್ ನೆಗೆಟಿವ್ ತೊಳಿಯೂ ಕ್ರಮ) ಲ್ಯಾಬಿನ್ಯಾಗ ತೊಳಿಯೂ ಹಂಗ ಮಾಡಿ 800 ಅಂತ ಮಾರತಾರ. 3200 ಕೆಲ್ವಿನ್ನಿಗೆ ಹೊಂದಿಸಿದ್ದು, ಅಂದ್ರ ಹಳದಿ ಬಲ್ಬಿನ ಕೆಳಗ ನೀಲಿ ಪದರಕ್ಕ ಉಪವಾಸ ಇಲ್ಲ. ನಾಟಕದ ರಂಗಕ್ಕ ಹಳೇ ಹ್ಯಾಲೋಜನ್ ಲೈಟ್ ಇದ್ರ ಇದೇ ಸರಿ.

ಆದ್ರ ರೆಮ್‌ಜೆಟ್ ಸುಮ್ಮನ ಇರಲಿಲ್ಲ. ಜೋರು ಬೆಳಕು ಫಿಲ್ಮ್ ದಾಟಿ ಹೋಗಿ ಕ್ಯಾಮೆರಾದ ಹಿಂದಿನ ಒತ್ತುಪಟ್ಟಿಗೆ (ಫಿಲ್ಮ್ ಒತ್ತಿ ಹಿಡಿಯೂ ತಗಡು) ಬಡಿದು ವಾಪಸ್ ಬರೂದನ್ನ ಅದು ನುಂಗತಿತ್ತು. ಈಗ ಆ ಬೆಳಕು ಹಿಂದಿನಿಂದ ಬಂದು ತಳದ ಕೆಂಪು ಪದರಕ್ಕ ಮೊದಲು ತಾಗತೈತಿ. ಹಂಗಾಗಿ ಬಲ್ಬಿನ ಸುತ್ತ ಕೆಂಪು ಪ್ರಭೆ. ಜಾತ್ರಿ ಅಂಗಡಿ ಸಾಲಿನ ಲೈಟು ಚೌಕಟ್ಟಿನಾಗ ಬಂದ್ರ ಎಲ್ಲಾಕೂ ಕೆಂಪು ಕುಂಕುಮ ಹಚ್ಚಿದಂಗ ಕಾಣತೈತಿ. ಅದು ಬೇಕಂದ್ರ ಬಲ್ಬ್ ಒಳಗ ತಗೋರಿ, ಬ್ಯಾಡಂದ್ರ ಬಲ್ಬ್ ಚೌಕಟ್ಟಿನ ಹೊರಗ ಇರೂ ಹಂಗ ನಿಲ್ಲರಿ. ಎಕ್ಸ್‌ಪೋಶರ್ ಹೆಚ್ಚಾದಷ್ಟು ಪ್ರಭೆ ದೊಡ್ಡದಾಗತೈತಿ.

ಈ ರೋಲಿಗೆ ಡಯಲ್ 500ಕ್ಕ ಇಡೂದು ನನಗ ಸರಿ ಅನಸತೈತಿ. ಮೂಲ ಅಂಕಿನೇ 500 ಅಲ್ಲೇನ್ರಿ. ಕೆ1000ದಾಗ 400ರ ಮುಂದಿನ ಗೆರಿ ಅದು.

ಸೋಡಿಯಂ ಬೀದಿದೀಪ ಇನ್ನೂ ಇದ್ದಲ್ಲಿ ಯಾವ ರೋಲೂ ಬಿಳಿ ಮಾಡೂದಿಲ್ಲ. ಆ ಬೆಳಕಿನಾಗ ನೀಲಿನೇ ಇಲ್ಲದಂಗ, ಫಿಲ್ಟರ್ ಹಾಕಿದ್ರ ಇರೂ ಬೆಳಕೂ ಹೋಗತೈತಿ. ಕಿತ್ತಳೆ ಅಂತ ಒಪ್ಪಿಕೊಂಡು ತೆಗೀರಿ.

ಕೆಂಪುಗಲ್ಲು (ಬಾಗಲಕೋಟೆ)

ಗುಹೆಗಳಿಗೆ 800ಟಿ ಒಯ್ಯಬೇಡಿ. ಬಾದಾಮಿಯ ನಾಲ್ಕೂ ಗುಹೆಗಳ ಮುಖ ಉತ್ತರಕ್ಕಿದೆ, ಒಳಗೆ ಬರುವುದು ಹೆಚ್ಚಾಗಿ ಆಕಾಶದ ಬೆಳಕು, ಕಲ್ಲಿಗೆ ಬಡಿದು ಬಂದ ಬೆಳಕು. ಅದು ಹಗಲಿನ ಬೆಳಕೇ. 800ಟಿಯಲ್ಲಿ ಆ ಕೆಂಪು ಮರಳುಗಲ್ಲು ಸತ್ತ ನೇರಳೆಯಾಗುತ್ತದೆ. 85ಬಿ ಫಿಲ್ಟರ್ ಹಾಕಿದರೆ ಬಣ್ಣ ಸರಿಹೋಗುತ್ತದೆ, ಆದರೆ ಮೂರನೇ ಎರಡು ಸ್ಟಾಪ್ ಹೋಯಿತು. ಕತ್ತಲಲ್ಲಿ ಅದನ್ನು ಯಾಕೆ ಕಳೆದುಕೊಳ್ಳಬೇಕು? ಪೋರ್ಟ್ರಾ 800 ಇಲ್ಲಿಗೆ. ಕಲ್ಲಿನ ಬಣ್ಣ ಇರುವ ಹಾಗೆ ಬರಬೇಕೆಂದರೆ ಇದೊಂದೇ ದಾರಿ.

578ರ ಶಾಸನವಿರುವ ಮೂರನೇ ಗುಹೆಯಲ್ಲಿ ಆದಿಶೇಷನ ಮೇಲೆ ಕೂತ ವಿಷ್ಣು ಜಗಲಿಯ ತುದಿಗಿದ್ದಾನೆ. ಅಲ್ಲಿ ಬೆಳಕು ಒಂದು ಪಕ್ಕದಿಂದ ಬರುತ್ತದೆ, ಉಬ್ಬುಶಿಲ್ಪಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಮೀಟರ್ ನೋಡುವಾಗ ಹೊರಗಿನ ಆಕಾಶ ಚೌಕಟ್ಟಿನ ಮೂಲೆಯಲ್ಲೂ ಬರಬಾರದು. ಸ್ವಲ್ಪ ಬಂದರೂ ಒಳಗಿನ ಶಿಲ್ಪ ಎರಡು ಸ್ಟಾಪ್ ಕೆಳಗಿಳಿಯುತ್ತದೆ. ಕಲ್ಲಿನ ನೆರಳಿನ ಭಾಗಕ್ಕೇ ಕ್ಯಾಮೆರಾ ಹಿಡಿದು ನೋಡಿ, ಆ ಅಂಕಿಗಿಂತ ಒಂದು ಸ್ಟಾಪ್ ಮುಚ್ಚಿ. ಹಗಲು ಬೆಳಕಾದ್ದರಿಂದ ಇಲ್ಲಿ ಡಯಲ್ 640 ಸಾಕು. ಆ ಅಂಕಿಗೆ ಗೆರೆ ಮಾತ್ರ ಇದೆ, 400 ಮತ್ತು 800ರ ನಡುವೆ 800ಕ್ಕೆ ಹತ್ತಿರದ್ದು.

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಗೋಳಗುಮ್ಮಟಕ್ಕೂ ಅದೇ ನಿಯಮ. ಅನುಮತಿ ಇಲ್ಲದಿದ್ದರೆ ಕ್ಯಾಮೆರಾ ಬೆಲ್ಟನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು, ಮೊಣಕೈ ಹೊಟ್ಟೆಗೆ ಒತ್ತಿ, ಉಸಿರು ಬಿಡುತ್ತಾ ಒತ್ತಿ. ಶಿಲ್ಪವಿರುವ ಗೋಡೆಗೆ ಒರಗಬೇಡಿ. ಅನುಮತಿ ಸಿಕ್ಕು ಟ್ರೈಪಾಡ್ ಇದ್ದರೆ 800ರ ರೋಲೇ ಬೇಡ, 160 ಅಥವಾ 200ರದು ಹಾಕಿ. ಪೋರ್ಟ್ರಾಗೆ ಒಂದು ಸೆಕೆಂಡ್ ತನಕ ಹೆಚ್ಚುವರಿ ಎಕ್ಸ್‌ಪೋಶರ್ ಬೇಕಿಲ್ಲ. ಅದರಾಚೆ ಹೋದಂತೆ ಫಿಲ್ಮಿನ ಚುರುಕು ಇಳಿಯುತ್ತದೆ. ನಾಲ್ಕು ಸೆಕೆಂಡ್ ಅಂತ ಬಂದರೆ ಆರು, ಎಂಟು ಅಂತ ಎರಡು ಫ್ರೇಮ್ ತೆಗೆದುಬಿಡಿ.

ತೋಪುತೆನಿ (ಇಳಕಲ್ಲ)

ಮಗ್ಗದ ಮನಿ ಬಗ್ಗೆ. ಕುಣಿಮಗ್ಗದಾಗ ನೇಕಾರರು ಕಾಲು ಕುಣಿಯೊಳಗ ಇಳಿಬಿಟ್ಟು ಕೂತಿರತಾರ, ಬಟ್ಟಿ ನೆಲದ ಮಟ್ಟಕ್ಕ ಇರತೈತಿ. ನಿಂತು ತೆಗೆದ್ರ ತಲಿ, ಬೆನ್ನು ಅಷ್ಟ ಸಿಗತಾವ. ನೆಲಕ್ಕ ಕುಂತು, ಕಿಟಕಿ ನಿಮ್ಮ ಪಕ್ಕಕ್ಕ ಇರೂ ಹಂಗ ನೋಡಕೊಳ್ರಿ, ಬೆನ್ನಿಗೆ ಬ್ಯಾಡ. ಮ್ಯಾಲಿನ ಟ್ಯೂಬ್‌ಲೈಟ್ ಸಾಧ್ಯವಿದ್ರ ಆರಿಸಾಕ ಕೇಳ್ರಿ. ಕಿಟಕಿ ಬೆಳಕು, ಟ್ಯೂಬು ಎರಡೂ ಕೂಡಿದ್ರ ಒಂದು ಗಲ್ಲ ಸರಿ, ಇನ್ನೊಂದು ಗಲ್ಲ ಹಸಿರು. ಸೆರಗಿನ ಕೆಂಪು ಮ್ಯಾಲೆ ಹಸಿರು ಬಿದ್ರ ಕಂದು ಆಗತೈತಿ. ಕೆಲಸಕ್ಕ ಲೈಟ್ ಬೇಕಂದ್ರ ಆರಿಸಬ್ಯಾಡ್ರಿ, ಅವರ ಮಜೂರಿ ಅದು.

ಮೊದಲು ಹೇಳಿದವರ ಮಾತಿಗೆ ಒಂದು ತಿದ್ದುಪಡಿ. ಹಳದಿ ಬಲ್ಬಿನ ಕೆಳಗ ಕೆಂಪು ಸೆರಗು ಇದ್ರ ಕೆಂಪು ಪದರಕ್ಕ ಮೊದಲೇ ಬೆಳಕು ಜಾಸ್ತಿ. ಎರಡು ಸ್ಟಾಪ್ ಹೆಚ್ಚು ಕೊಟ್ರ ಸೆರಗಿನ ತೋಪುತೆನಿ ವಿನ್ಯಾಸದ ಗೆರಿ ಕೆಂಪಿನೊಳಗ ಮುಳುಗಿ ಹೋಗತಾವ, ಎಳಿ ಎಳಿ ಕಾಣೂದಿಲ್ಲ. ಅಲ್ಲಿ ಒಂದು ಸ್ಟಾಪಿಗೆ ನಿಲ್ಲಸರಿ. ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕೂದನ್ನ ತೆಗೆಯೋರು ಹಗಲ ಹನ್ನೊಂದರ ಹೊತ್ತಿಗೆ ಹೋಗಿ ಕಿಟಕಿ ಬೆಳಕಿನಾಗ ತೆಗೀರಿ.

ಲಾಳಿ ಓಡೂದು ಕಾಣಬೇಕು, ಕೈ ನಿಂತಿರಬೇಕು ಅಂದ್ರ 1/30. ಲಾಳಿನೂ ನಿಲ್ಲಬೇಕಂದ್ರ 1/250 ಬೇಕು, ಅಷ್ಟು ಬೆಳಕು ಒಳಗ ಇರೂದಿಲ್ಲ.

ಗುಮ್ಮಟದ_ನೆರಳು (ವಿಜಯಪುರ)

ಕೆಂಪು ಸೀರೆಯ ಮಾತು ನೂರಕ್ಕೆ ನೂರು ಸರಿ ಅಕ್ಕಾರ. ಮುಖಕ್ಕೆ ಒಂದು ಲೆಕ್ಕ, ಗಾಢ ಕೆಂಪು ಬಟ್ಟೆಗೆ ಇನ್ನೊಂದು. ಅದನ್ನ ನಾ ಬಿಟ್ಟಿದ್ದೆ.

ಟ್ಯೂಬ್ ಮತ್ತು ಅಗ್ಗದ ಎಲ್‌ಇಡಿಗೆ ಇನ್ನೊಂದು ವಿಷಯ ಸೇರಿಸುತ್ತೇನೆ. ನಮ್ಮ ಕರೆಂಟು 50 ಹರ್ಟ್ಸ್, ಇಂಥ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕೆ1000ರದು ಅಡ್ಡ ಓಡುವ ಬಟ್ಟೆ ಶಟರ್. 1/60 ತನಕ ಇಡೀ ಫ್ರೇಮ್ ಒಮ್ಮೆಗೇ ತೆರೆದಿರುತ್ತದೆ, ಅದಕ್ಕಿಂತ ವೇಗವಾದರೆ ಸೀಳು ಓಡುತ್ತದೆ. ಮಿಣುಕು ಬೆಳಕಿನಲ್ಲಿ 1/125, 1/250 ಇಟ್ಟರೆ ಚಿತ್ರದಲ್ಲಿ ನಿಂತ ಪಟ್ಟಿಗಳು ಬರುತ್ತವೆ. 1/30ಕ್ಕೆ ಮೂರು ಮಿಣುಕು ಪೂರ್ತಿ ಸೇರುವುದರಿಂದ ಅದು ಸುರಕ್ಷಿತ, 1/60 ನಡೆಯುತ್ತದೆ.

ಬನಶಂಕರಿ_ದಾರಿ (ಬಾದಾಮಿ)

ಭಾಳ ಉಪಕಾರ ಆತ್ರಿ. ಮನ್ಯಾಗ ತೊಳಿಯೂ ವಿಚಾರ ಐತಿ. ನಮ್ಮಲ್ಲಿ ಬೇಸಗಿ ಬಿಸಿಲು, ಸವಳು ನೀರು. ಆಗತೈತೇನ್ರಿ?

ಕುಂದಾನಗರಿ_ಡಾರ್ಕ್‌ರೂಮ್ (ಬೆಳಗಾವಿ)

ಆಗುತ್ತದೆ. ದೊಡ್ಡ ಲ್ಯಾಬಿನ ಸಿ-41 ಕ್ರಮದಲ್ಲಿ ಡೆವಲಪರ್ 37.8 ಡಿಗ್ರಿಗೆ 3 ನಿಮಿಷ 15 ಸೆಕೆಂಡ್. ಮನೆಗೆ ಬರುವ ಪುಡಿ ಕಿಟ್‌ಗಳಲ್ಲಿ ಸಾಮಾನ್ಯವಾಗಿ 39 ಡಿಗ್ರಿಗೆ 3 ನಿಮಿಷ 30 ಸೆಕೆಂಡ್. ನಿಮ್ಮ ಕಿಟ್ಟಿನ ಹಾಳೆಯಲ್ಲಿ ಇರುವುದನ್ನೇ ಹಿಡಿಯಿರಿ. ಒಂದು ಸ್ಟಾಪ್ ಪುಶ್‌ಗೆ ಸಮಯವನ್ನು 1.3ರಿಂದ, ಎರಡಕ್ಕೆ 1.75ರಿಂದ ಗುಣಿಸುವ ಕ್ರಮ ಇದೆ, 3.30 ಇದ್ದದ್ದು 4 ನಿಮಿಷ 33 ಸೆಕೆಂಡ್, 6 ನಿಮಿಷ 7 ಸೆಕೆಂಡ್ ಆಗುತ್ತದೆ. ಬಿಸಿಲೂರಿನಲ್ಲಿ ಒಂದು ಅನುಕೂಲ: ನಲ್ಲಿ ನೀರೇ ಮೂವತ್ತರ ಮೇಲಿರುವಾಗ ಬಕೆಟ್ ನೀರನ್ನು 39ಕ್ಕೆ ತರುವುದು ಸುಲಭ, ತಂದದ್ದು ಬೇಗ ಇಳಿಯುವುದೂ ಇಲ್ಲ. 15 ಲೀಟರಿನ ಬಕೆಟ್ ತುಂಬ ನೀರಿನಲ್ಲಿ ಬಾಟಲಿ, ಟ್ಯಾಂಕ್ ಎರಡನ್ನೂ ಮೊದಲೇ ಕುತ್ತಿಗೆ ತನಕ ಮುಳುಗಿಸಿಡಿ. ಥರ್ಮಾಮೀಟರನ್ನು ಬಾಟಲಿಯ ಒಳಗೆ ಹಾಕಿ ನೋಡಿ, ಬಕೆಟ್ಟಿನಲ್ಲಿ ಅಲ್ಲ. ಎರಡಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಇರುತ್ತದೆ, ಕಲರ್ ಡೆವಲಪರ್‌ಗೆ ಅರ್ಧ ಡಿಗ್ರಿಯೂ ಲೆಕ್ಕವೇ.

ಒಂದು ನಿಮಿಷ ಅದೇ ಬಿಸಿಯ ನೀರಿನಲ್ಲಿ ನೆನೆಸಿ ಚೆಲ್ಲಿ. ಡೆವಲಪರ್ ಹಾಕಿ ಮೊದಲ ಹತ್ತು ಸೆಕೆಂಡ್ ಬಿಡದೆ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೆ ನಾಲ್ಕು ಸಲ ತಿರುವಿ. ಹೆಚ್ಚು ಬಡಿದರೆ ಹಲ್ಲುತೂತುಗಳ ಹತ್ತಿರ ಪಟ್ಟಿ ಬರುತ್ತದೆ. ಆಮೇಲೆ ಬೆಳ್ಳಿ ತೆಗೆಯುವ ಬ್ಲೀಚ್-ಫಿಕ್ಸ್‌ಗೆ ಅಷ್ಟು ನಾಜೂಕು ಬೇಡ, ಆದರೆ ಸಮಯ ಕಡಿಮೆ ಮಾಡಬೇಡಿ. ಹೈಸ್ಪೀಡ್ ರೋಲಿನಲ್ಲಿ ಬೆಳ್ಳಿ ಜಾಸ್ತಿ, ಅದು ಉಳಿದರೆ ಬಣ್ಣ ಮಂಕು, ಕಾಳು ದಪ್ಪ. ಹಾಗಾದರೆ ತಾಜಾ ಬ್ಲೀಚ್-ಫಿಕ್ಸ್‌ನಲ್ಲಿ ಮತ್ತೆ ಹಾಕಿ ತೊಳೆದರೆ ಸರಿಹೋಗುತ್ತದೆ, ಬೆಳಕಿನಲ್ಲೇ ಮಾಡಬಹುದು.

ಸವಳು ನೀರಿನಲ್ಲಿ ರಾಸಾಯನಿಕ ಕಲಸಬೇಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ. ಕಲಸಲು, ಕೊನೆಯ ಸ್ಟೆಬಿಲೈಸರ್‌ಗೆ ಅದೇ ಬಳಸಿ; ನಡುವಿನ ತೊಳೆತಕ್ಕೆ ನಲ್ಲಿ ನೀರು ಸಾಕು. ಕೊನೆಗೂ ಸವಳು ಮುಟ್ಟಿದರೆ ಒಣಗಿದಾಗ ಬಿಳಿ ಹನಿಗುರುತು ಉಳಿಯುತ್ತವೆ. ಕೈಗವಸು ಬಿಡಬೇಡಿ, ಡೆವಲಪರ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಬಳಸಿದ್ದನ್ನು ಬಾವಿ ಪಕ್ಕ, ಗಿಡದ ಬುಡಕ್ಕೆ ಸುರಿಯಬಾರದು.

ಘಟಪ್ರಭಾ_ದಂಡಿ (ಗೋಕಾಕ)

500ಟಿ ಬಿಡಿ ರೋಲು ಕೊಳ್ಳೋರಿಗೆ ಕೈಮುಗಿದು ಒಂದು ಮಾತು. ರೋಲಿನ ಬೆನ್ನು ಕರ್ರಗ ಇದ್ರ ಅದು ರೆಮ್‌ಜೆಟ್. ಅದನ್ನ ಹೇಳದ ಸಾಮಾನ್ಯ ಲ್ಯಾಬಿಗೆ ಕೊಡಬ್ಯಾಡ್ರಿ. ಆ ಕಪ್ಪು ಮಷೀನಿನಾಗ ಬಿಟ್ಟು, ಲ್ಯಾಬಿನವರ ರಾಸಾಯನಿಕ, ಬ್ಯಾರೇ ಗಿರಾಕಿ ಮದಿವಿ ರೋಲು ಎಲ್ಲಾ ಹಾಳು. ಮನ್ಯಾಗ ತೊಳಿಯೂದಾದ್ರ ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡಿಗಿ ಸೋಡಾ, ಟ್ಯಾಂಕಿಗೆ ಹಾಕಿ ಒಂದು ನಿಮಿಷ ಜೋರ ಅಲ್ಲಾಡಸರಿ, ಚೆಲ್ಲರಿ, ನೀರು ತಿಳಿ ಆಗೂ ತನಕ ತೊಳೀರಿ. ಉಳಿದ ಕಪ್ಪನ್ನ ಎಲ್ಲಾ ಮುಗಿದ ಮ್ಯಾಲೆ ಒದ್ದಿ ಸ್ಪಂಜಿನಿಂದ ಬೆನ್ನಿನ ಕಡೆ ಅಷ್ಟ ಒರಸರಿ. ಸರಿಯಾದ ಕ್ರಮ ಸಿನಿಮಾ ರೋಲು ತೊಳಿಯೂ ಇಸಿಎನ್-2, 41.1 ಡಿಗ್ರಿಗೆ 3 ನಿಮಿಷ; ಸಿ-41ದಾಗ ಹಾಕಿದ್ರ ಕಾಂಟ್ರಾಸ್ಟ್ ಏರತೈತಿ.

ಬಿಡಿ ರೋಲಿನ ಡಬ್ಬಿಗೆ ಡಿಎಕ್ಸ್ ಪಟ್ಟಿ (ರೋಲಿನ ಅಂಕಿನ ಕ್ಯಾಮೆರಾಕ್ಕ ತಿಳಿಸೂ ಗುರುತು) ಇರೂದಿಲ್ಲ. ಕೆ1000ಕ್ಕ ಚಿಂತಿಲ್ಲ. ಆಟೋ ಕ್ಯಾಮೆರಾ ಅದನ್ನ 100 ಅಂತ ತಿಳಕೊಂಡು ಹೊಡೀತೈತಿ.

ಕೆಂಪುಗಲ್ಲು (ಬಾಗಲಕೋಟೆ)

ಇಡುವ ಬಗ್ಗೆ ಯಾರೂ ಹೇಳಲಿಲ್ಲ. ಚುರುಕು ರೋಲು ಬಿಸಿಗೆ ಬೇಗ ಮಂಜಾಗುತ್ತದೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಇಟ್ಟರೂ ಸಾಕು. ಫ್ರಿಜ್ಜಿನಲ್ಲಿ ಡಬ್ಬಿ ಸಮೇತ, ಜಿಪ್ ಚೀಲದಲ್ಲಿ ಇಡಿ. ಬಳಸುವ ಮೊದಲು ಒಂದೂವರೆ ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಿ, ಇಲ್ಲದಿದ್ದರೆ ಫಿಲ್ಮಿನ ಮೇಲೆ ಹನಿ ಕಟ್ಟುತ್ತದೆ. ಹತ್ತು ವರ್ಷಕ್ಕೊಂದು ಸ್ಟಾಪ್ ಹೆಚ್ಚು ಕೊಟ್ಟರೆ ಅವಧಿ ಮುಗಿದ ರೋಲು ನಡೆಯುತ್ತದೆ ಅನ್ನುವ ಲೆಕ್ಕ 100ರ ರೋಲಿಗೆ ಸರಿ, 800, 1600ಕ್ಕೆ ಅಲ್ಲ. ಫ್ರಿಜ್ಜಿನಲ್ಲಿಟ್ಟರೂ ಹಿನ್ನೆಲೆ ವಿಕಿರಣ ಅದನ್ನು ಮಂಜು ಮಾಡುತ್ತಲೇ ಇರುತ್ತದೆ. ಫುಜಿ ನ್ಯಾಚುರಾ 1600 ನಿಂತು ವರ್ಷಗಳಾದವು. ಈಗ ದುಬಾರಿ ಬೆಲೆಗೆ ಮಾರುವ ಹಳೆಯದನ್ನು ಮುಖ್ಯ ಕೆಲಸಕ್ಕೆ ನಂಬಬೇಡಿ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಹತ್ತುವವರು ರೋಲುಗಳನ್ನು ಪಾರದರ್ಶಕ ಚೀಲದಲ್ಲಿ ಕೈಯಲ್ಲಿ ಹಿಡಿದು, ಎಕ್ಸ್-ರೇಗೆ ಹಾಕದೆ ಕಣ್ಣಿಂದ ನೋಡಲು ವಿನಯದಿಂದ ಕೇಳಿ. 800 ಮತ್ತು ಅದರ ಮೇಲಿನದಕ್ಕೆ ಇದು ಮುಖ್ಯ. ದೊಡ್ಡ ನಿಲ್ದಾಣಗಳ ಸಿ.ಟಿ. ಸ್ಕ್ಯಾನರ್ (ಹೆಚ್ಚು ಜೋರಿನ ಎಕ್ಸ್-ರೇ ಯಂತ್ರ) ಒಂದೇ ಸಲಕ್ಕೆ ಕೆಡಿಸುತ್ತದೆ. ಚೆಕ್-ಇನ್ ಚೀಲದಲ್ಲಂತೂ ಇಡಲೇಬಾರದು.

ಬನಶಂಕರಿ_ದಾರಿ (ಬಾದಾಮಿ)

ಕೊನೀದು ಎರಡು. ವಿಜಯಪುರ ಸಿದ್ಧೇಶ್ವರ ಜಾತ್ರ್ಯಾಗ ಮದ್ದು ಸುಡೂದಕ್ಕ ಈ ರೋಲು ನಡೀತೈತೇನು? ಹಗಲ ಗುಹೆ, ರಾತ್ರಿ ನಾಟಕ ಒಂದೇ ದಿನ ಇದ್ರ, ಅರ್ಧ ಆದ ಪೋರ್ಟ್ರಾ ತೆಗೆದು 800ಟಿ ಹಾಕಬಹುದಾ?

ಗುಮ್ಮಟದ_ನೆರಳು (ವಿಜಯಪುರ)

ಮದ್ದಿಗೆ 800 ಬೇಡ್ರಿ. ಪಟಾಕಿ ಅಂದರೆ ತಾನೇ ಬೆಳಕು. 100ರ ರೋಲು, ಟ್ರೈಪಾಡ್, ಬಿ ಶಟರ್ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವುದು), ಎಫ್ 8ರಿಂದ 11, ಎರಡರಿಂದ ನಾಲ್ಕು ಸೆಕೆಂಡ್. 800ರಲ್ಲಿ ಅದೇ ಲೆಕ್ಕಕ್ಕೆ ಎಫ್ 22ರಿಂದ 32 ಬೇಕಾಗುತ್ತದೆ, ಅಷ್ಟು ಮುಚ್ಚದಿದ್ದರೆ ಬಣ್ಣ ಎಲ್ಲಾ ಬಿಳಿಯಾಗುತ್ತದೆ.

ರೋಲು ಬದಲಿಸಬಹುದು. ಕೌಂಟರ್ ಅಂಕಿಯನ್ನು ಮೊದಲು ಬರೆದುಕೊಳ್ರಿ, 14 ಅಂತ ಇಟ್ಟುಕೊಳ್ಳೋಣ. ತಳದ ಗುಂಡಿ ಒತ್ತಿ ನಿಧಾನ ಸುತ್ತಿ. ಬಿಗಿ ಒಮ್ಮೆಗೇ ಸಡಿಲಾದ ಕೂಡಲೇ ನಿಲ್ಲಿಸಿದರೆ ಫಿಲ್ಮಿನ ನಾಲಿಗೆ (ಮೊದಲ ತುದಿ) ಡಬ್ಬಿಯ ಹೊರಗೇ ಉಳಿಯುತ್ತದೆ. ಅದರ ಮೇಲೆ 14 ಅಂತ ಬರೀರಿ. ಮತ್ತೆ ಹಾಕುವಾಗ ಲೆನ್ಸ್ ಮುಚ್ಚಳ ಹಾಕಿ, 1/1000, ಎಫ್ 16 ಇಟ್ಟು, ಕತ್ತಲ ಜಾಗದಲ್ಲಿ 16ರ ತನಕ ಖಾಲಿ ಹೊಡೀರಿ. ಎರಡು ಫ್ರೇಮ್ ಹೋದರೂ ಒಂದರ ಮೇಲೊಂದು ಬೀಳುವುದಿಲ್ಲ. 800ಟಿಯನ್ನು ಹಾಕುವುದು, ತೆಗೆಯುವುದು ಎರಡೂ ನೆರಳಿನಲ್ಲೇ ಆಗಲಿ: ರೆಮ್‌ಜೆಟ್ ಇಲ್ಲದ್ದರಿಂದ ನಾಲಿಗೆಗೆ ಬಿದ್ದ ಬೆಳಕು ಫಿಲ್ಮಿನ ಒಳಗೇ ಹರಿದು ಡಬ್ಬಿಯೊಳಗಿನ ಮೊದಲ ಫ್ರೇಮುಗಳ ತನಕ ಹೋಗುತ್ತದೆ. ಜಾತ್ರೆ ಸಮಯದ ಒಣ ಚಳಿ ಹವೆಯಲ್ಲಿ ಜೋರಾಗಿ ಸುತ್ತಿದರೆ ಸ್ಥಾಯಿ ವಿದ್ಯುತ್ತಿನ ಕಿಡಿ ಹಾರಿ ಮಿಂಚಿನ ಗೆರೆಗಳು ಮೂಡುತ್ತವೆ, ಅದಕ್ಕೆ ಸುತ್ತುವುದೂ ನಿಧಾನ ಇರಲಿ.